ಒಂದು ರೂಪಾಯಿಗೆ ಎಷ್ಟು ರೂಪಾಯಿ? ಭಾರತ–ಶ್ರೀಲಂಕಾ ವಿನಿಮಯ ದರ ನಡೆದು ಬಂದ ದಾರಿ, ಅಡಿಕೆ ಧಾರಣೆಗೆ ಅದರ ನಂಟು

ಚನ್ನಗಿರಿಯಲ್ಲೋ ಭೀಮಸಮುದ್ರದಲ್ಲೋ ರಾಶಿ ಎಂಬ ದರ್ಜೆಯ ಅಡಿಕೆಯ ಧಾರಣೆ ಕ್ವಿಂಟಲಿಗೆ ಎರಡು ಸಾವಿರ ಇಳಿದರೆ, ಮಂಡಿ ಮುಂದೆ ನಿಂತವರು ಹೇಳುವ ಕಾರಣಗಳಲ್ಲಿ ಶ್ರೀಲಂಕಾದ ಹೆಸರು ಖಾಯಂ. 2022ರಲ್ಲಿ ಆ ದೇಶದ ಹಣ ನೆಲಕಚ್ಚಿದ ಮೇಲಂತೂ ಮಾತು ಇನ್ನಷ್ಟು ಗಟ್ಟಿಯಾಯಿತು: ಅವರ ರೂಪಾಯಿ ಬಿದ್ದಿದೆ, ಇನ್ನು ಅಲ್ಲಿನ ಅಡಿಕೆ ಅರ್ಧ ಬೆಲೆಗೆ ಬಂದು ಬೀಳುತ್ತದೆ. ಈ ಮಾತಿನಲ್ಲಿ ಸ್ವಲ್ಪ ನಿಜ ಇದೆ, ಸ್ವಲ್ಪ ಲೆಕ್ಕ ತಪ್ಪಿದೆ. ಯಾವುದು ಎಷ್ಟು ಎಂದು ತಿಳಿಯಲು ಎರಡು ರೂಪಾಯಿಗಳ ನಡುವಿನ ದರ ಹೇಗೆ ಹುಟ್ಟುತ್ತದೆ, ಹಿಂದೆ ಎಲ್ಲಿತ್ತು, ಹೇಗೆ ಬದಲಾಯಿತು ಎಂಬುದನ್ನು ಬುಡದಿಂದ ನೋಡಬೇಕು.

ಈ ದರವನ್ನು ಯಾರೂ ನೇರವಾಗಿ ಕಟ್ಟುವುದಿಲ್ಲ

ವಿನಿಮಯ ದರ ಎಂದರೆ ಒಂದು ದೇಶದ ಹಣಕ್ಕೆ ಇನ್ನೊಂದು ದೇಶದ ಹಣದಲ್ಲಿ ಕಟ್ಟಿದ ಬೆಲೆ. ಆದರೆ ಭಾರತದ ರೂಪಾಯಿಯನ್ನೂ ಶ್ರೀಲಂಕಾದ ರೂಪಾಯಿಯನ್ನೂ ಎದುರುಬದುರು ಇಟ್ಟು ವ್ಯಾಪಾರ ಮಾಡುವ ದೊಡ್ಡ ಮಾರುಕಟ್ಟೆ ಇಲ್ಲ. ಎರಡಕ್ಕೂ ಡಾಲರ್ ಲೆಕ್ಕದಲ್ಲಿ ಬೆಲೆ ಇದೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ನಮಗೆ ಬೇಕಾದ ದರ ಸಿಗುತ್ತದೆ.

ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳ ಕೊಟ್ಟು ಅಡಿಕೆ ತರುವವರಿಲ್ಲ. ಎರಡೂ ರೂಪಾಯಿಗೆ ಮಾರಾಟವಾಗುತ್ತವೆ. ಲೆಕ್ಕಕ್ಕೆಂದು ಮೆಕ್ಕೆಜೋಳ ಕ್ವಿಂಟಲಿಗೆ 2,250, ರಾಶಿ ಅಡಿಕೆ 49,500 ಎಂದಿಟ್ಟುಕೊಳ್ಳಿ. ಆಗ ಒಂದು ಕ್ವಿಂಟಲ್ ಅಡಿಕೆಗೆ 22 ಕ್ವಿಂಟಲ್ ಜೋಳ. ಜೋಳ 1,800ಕ್ಕೆ ಇಳಿದರೆ ಒಂದು ಕ್ವಿಂಟಲ್ ಅಡಿಕೆಗೆ 27.5 ಕ್ವಿಂಟಲ್ ಜೋಳ ಬೇಕು. ಅಡಿಕೆಯ ಧಾರಣೆ ಒಂದು ಪೈಸೆಯೂ ಏರಿಲ್ಲ, ಆದರೂ ಜೋಳದ ಲೆಕ್ಕದಲ್ಲಿ ಅದು ದುಬಾರಿಯಾಯಿತು.

ಡಾಲರಿಗೆ 300 ಲಂಕಾ ರೂಪಾಯಿ, 85 ಭಾರತೀಯ ರೂಪಾಯಿ ಇದ್ದ ದಿನ 300 ÷ 85 = 3.53. ಅಂದರೆ ನಮ್ಮ 1 ರೂಪಾಯಿಗೆ ಅವರ 3 ರೂಪಾಯಿ 53 ಸೆಂಟ್. ಈ 3.53 ನಾಳೆ 3.40 ಆದರೆ ಲಂಕಾ ಚೇತರಿಸಿಕೊಂಡಿದೆ ಎಂದೇ ಅರ್ಥವಲ್ಲ, ನಮ್ಮ ರೂಪಾಯಿ ಡಾಲರಿನೆದುರು ಜಾರಿರಬಹುದು. ಮುಂದೆ ಬರುವ ಇತಿಹಾಸದಲ್ಲಿ ಪ್ರತಿ ತಿರುವಿನಲ್ಲೂ ಕೇಳಬೇಕಾದ ಪ್ರಶ್ನೆ ಇದೇ: ತಕ್ಕಡಿಯ ಯಾವ ತಟ್ಟೆ ಅಲುಗಿತು?

ಶೇಕಡಾ ಲೆಕ್ಕದ ಮೋಸ

ಡಾಲರಿಗೆ 200 ಇದ್ದದ್ದು 360 ಆಯಿತು. ಲಂಕಾ ರೂಪಾಯಿ ಶೇ 80ರಷ್ಟು ಕುಸಿಯಿತೇ? ಇಲ್ಲ. ಡಾಲರ್ ಶೇ 80ರಷ್ಟು ದುಬಾರಿಯಾಯಿತು. ರೂಪಾಯಿಯ ಬೆಲೆ ತಿಳಿಯಲು ಒಂದು ರೂಪಾಯಿಗೆ ಎಷ್ಟು ಡಾಲರ್ ಸಿಗುತ್ತಿತ್ತು, ಈಗ ಎಷ್ಟು ಸಿಗುತ್ತದೆ ಎಂದು ನೋಡಬೇಕು. 200 ÷ 360 = 0.556. ಉಳಿದದ್ದು ಶೇ 55.6, ಹೋದದ್ದು ಶೇ 44.4.

1966ರ ಜೂನ್ 6ರಂದು ಭಾರತ ರೂಪಾಯಿಯ ಅಪಮೌಲ್ಯ ಮಾಡಿ ಡಾಲರ್ ಬೆಲೆಯನ್ನು 4.76ರಿಂದ 7.50ಕ್ಕೆ ಏರಿಸಿತು. ಇದನ್ನು ಕೆಲವರು ಶೇ 57.5 ಎಂದು ಬರೆಯುತ್ತಾರೆ, ಕೆಲವರು ಶೇ 36.5 ಎನ್ನುತ್ತಾರೆ. ಎರಡೂ ಸರಿ. ಮೊದಲನೆಯದು ಡಾಲರ್ ಏರಿದ ಪ್ರಮಾಣ, ಎರಡನೆಯದು ರೂಪಾಯಿ ಇಳಿದ ಪ್ರಮಾಣ. ಪತ್ರಿಕೆಯಲ್ಲಿ ಇಂಥ ಸಂಖ್ಯೆ ಕಂಡರೆ ಯಾವ ಕಡೆಯಿಂದ ಅಳೆದದ್ದು ಎಂದು ನೋಡಿಕೊಳ್ಳಿ. ಕುಸಿತ ಎಂದು ಶೇ 100ಕ್ಕಿಂತ ಹೆಚ್ಚಿನ ಅಂಕಿ ಬರೆದಿದ್ದರೆ ಅದು ಖಂಡಿತ ತಲೆಕೆಳಗಾದ ಲೆಕ್ಕ.

ಎರಡೂ ಒಂದೇ ಆಗಿದ್ದ ಕಾಲ

ಈಗಿನ ತಲೆಮಾರಿಗೆ ನಂಬಲು ಕಷ್ಟವಾದರೂ, ಸುಮಾರು ಒಂದು ಶತಮಾನ ಈ ಎರಡು ರೂಪಾಯಿಗಳ ದರ 1ಕ್ಕೆ 1. ಆಗ ಸಿಲೋನ್ ಎಂದು ಕರೆಯುತ್ತಿದ್ದ ಆ ದ್ವೀಪದಲ್ಲಿ ಭಾರತದ ಬೆಳ್ಳಿ ರೂಪಾಯಿಯೇ ಚಲಾವಣೆಯಲ್ಲಿತ್ತು. 1872ರಿಂದ ಅಲ್ಲಿನ ಅಧಿಕೃತ ಲೆಕ್ಕವೂ ರೂಪಾಯಿಯಲ್ಲೇ. ಒಂದೇ ವ್ಯತ್ಯಾಸವೆಂದರೆ ಅವರು ಅಂದೇ ರೂಪಾಯಿಯನ್ನು 100 ಸೆಂಟ್‌ಗಳಾಗಿ ಭಾಗಿಸಿಕೊಂಡರು. ನಾವು ಆಣೆ, ಕಾಸು ಎಣಿಸುತ್ತ 1957ರ ಏಪ್ರಿಲ್‌ವರೆಗೆ ಕಾದೆವು.

1884ರಲ್ಲಿ ಕಾಫಿ ಬೆಳೆಗೆ ಎಲೆರೋಗ ತಗುಲಿ ತೋಟಗಳು ಹಾಳಾಗಿದ್ದ ಹೊತ್ತಿನಲ್ಲೇ ಅಲ್ಲಿ ನೋಟು ಹೊರಡಿಸುತ್ತಿದ್ದ ಓರಿಯೆಂಟಲ್ ಬ್ಯಾಂಕ್ ಕಾರ್ಪೊರೇಷನ್ ಮುಳುಗಿತು. ನೋಟು ಹೊರಡಿಸುವ ಕೆಲಸವನ್ನು ಸರ್ಕಾರವೇ ವಹಿಸಿಕೊಂಡಿತು. ಕರೆನ್ಸಿ ಬೋರ್ಡ್ ಎನ್ನುವ ಆ ವ್ಯವಸ್ಥೆಯ ನಿಯಮ ಸರಳ: ಕೈಯಲ್ಲಿ ಎಷ್ಟು ಮೀಸಲು ಇದೆಯೋ ಅಷ್ಟಕ್ಕೇ ನೋಟು, ಕೇಳಿದವರಿಗೆ ನಿಗದಿತ ದರದಲ್ಲಿ ಬದಲಿ. ಗೋದಾಮಿನಲ್ಲಿ ಎಷ್ಟು ಚೀಲ ಇವೆಯೋ ಅಷ್ಟಕ್ಕೇ ರಸೀದಿ ಕೊಟ್ಟ ಹಾಗೆ. ರಸೀದಿ ಹೆಚ್ಚು ಬರೆಯಲು ಬರುವುದಿಲ್ಲವಾದ್ದರಿಂದ ದರ ಅಲುಗಲೂ ಕಾರಣವಿರಲಿಲ್ಲ.

1949ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಪೌಂಡನ್ನು ಅಪಮೌಲ್ಯಗೊಳಿಸಿದಾಗ ಭಾರತವೂ ಸಿಲೋನೂ ಒಟ್ಟಿಗೇ ಹಿಂಬಾಲಿಸಿದವು, ಹಾಗಾಗಿ ಇಬ್ಬರ ನಡುವಿನ ದರ ಕದಲಲಿಲ್ಲ. ಪಾಕಿಸ್ತಾನ ಒಪ್ಪಲಿಲ್ಲ. ಒಂದೇ ರಾತ್ರಿಯಲ್ಲಿ ಪಾಕಿಸ್ತಾನದ 100 ರೂಪಾಯಿ ಭಾರತದ 144 ರೂಪಾಯಿಗೆ ಸಮವಾಯಿತು. ಆ ದರವನ್ನು ಭಾರತ ಮಾನ್ಯ ಮಾಡದೆ ಎರಡು ದೇಶಗಳ ಸೆಣಬು, ಹತ್ತಿ ವ್ಯಾಪಾರವೇ ನಿಂತಿತು. ದರದ ಜಗಳಕ್ಕೆ ವ್ಯಾಪಾರ ಬಲಿಯಾದ ಇದಕ್ಕಿಂತ ದೊಡ್ಡ ಉದಾಹರಣೆ ನಮ್ಮ ಕಡೆ ಸಿಗುವುದಿಲ್ಲ.

1950ರ ಆಗಸ್ಟ್ 28ರಂದು ಸಿಲೋನ್‌ನ ಕೇಂದ್ರೀಯ ಬ್ಯಾಂಕ್ ಆರಂಭವಾಯಿತು. ದರ ಬದಲಿಸುವ ಅಧಿಕಾರ ಆಗ ಕೊಲಂಬೊಗೆ ಸಿಕ್ಕಿತು. ಆದರೂ 16 ವರ್ಷ 1ಕ್ಕೆ 1 ಹಾಗೇ ಉಳಿಯಿತು.

1966: ಸಿಲೋನ್ ರೂಪಾಯಿ ನಮ್ಮದಕ್ಕಿಂತ ದುಬಾರಿ

ಜೋಡಿ ಮುರಿದದ್ದು ನಾವು. 1966ರ ಜೂನ್‌ನಲ್ಲಿ ಭಾರತ 7.50ಕ್ಕೆ ಹೋಯಿತು, ಸಿಲೋನ್ 4.76ರಲ್ಲೇ ನಿಂತಿತು. 7.50 ÷ 4.76 = 1.575. ಸಿಲೋನ್‌ನ 100 ರೂಪಾಯಿಗೆ ನಮ್ಮ 157 ರೂಪಾಯಿ 50 ಪೈಸೆ. 1964ರ ಒಪ್ಪಂದದಂತೆ ಅಲ್ಲಿನ ಚಹಾ ತೋಟಗಳಿಂದ ಭಾರತಕ್ಕೆ ಮರಳಬೇಕಿದ್ದ ತಮಿಳು ಕಾರ್ಮಿಕ ಕುಟುಂಬಗಳಿಗೆ ಈ ಅಂಕಿ ಬರೀ ಅಂಕಿಯಾಗಿರಲಿಲ್ಲ. ಅವರಲ್ಲಿ ಕೆಲವರು ನಮ್ಮ ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಿಗೂ ಬಂದು ನೆಲೆಸಿದರು.

1967ರ ನವೆಂಬರ್‌ನಲ್ಲಿ ಬ್ರಿಟನ್ ಮತ್ತೆ ಅಪಮೌಲ್ಯ ಮಾಡಿದಾಗ ಸಿಲೋನ್ ರೂಪಾಯಿ ಡಾಲರಿಗೆ 5.95ಕ್ಕೆ ಇಳಿಯಿತು. ಈಗ 100 ಸಿಲೋನ್ ರೂಪಾಯಿಗೆ 126 ಭಾರತೀಯ ರೂಪಾಯಿ.

1968ರಲ್ಲಿ ಅಲ್ಲಿ ಇಬ್ಬಗೆಯ ದರ ಬಂತು. ಚಹಾ, ರಬ್ಬರ್, ತೆಂಗಿನಂಥ ಹಳೆಯ ರಫ್ತಿಗೆ ಮತ್ತು ಅಕ್ಕಿಯಂಥ ಅಗತ್ಯ ಆಮದಿಗೆ 5.95. ಉಳಿದದ್ದಕ್ಕೆ ಅದರ ಮೇಲೆ ಮೊದಲಿಗೆ ಶೇ 44ರಷ್ಟು ಹೆಚ್ಚುವರಿ, ಅಂದರೆ ಡಾಲರಿಗೆ ಸುಮಾರು 8.57. ಅಧಿಕೃತ ದರ ಹಿಡಿದರೆ ನಮ್ಮ 1 ರೂಪಾಯಿಗೆ ಅವರ 79 ಸೆಂಟ್, ಇನ್ನೊಂದು ದರ ಹಿಡಿದರೆ 1 ರೂಪಾಯಿ 14 ಸೆಂಟ್. ಒಂದೇ ದಿನ, ಒಂದೇ ಊರು, ಎರಡು ಉತ್ತರ. 1968ರಿಂದ 1977ರವರೆಗಿನ ದರವನ್ನು ಒಂದೇ ಅಂಕಿಯಲ್ಲಿ ಹೇಳುವ ಪಟ್ಟಿಗಳನ್ನು ಅನುಮಾನದಿಂದಲೇ ನೋಡಬೇಕು.

ಮೇಲೆ ಕೆಳಗೆ ಆದ ನಾಲ್ಕು ದಶಕ

1977ರ ನವೆಂಬರ್‌ನಲ್ಲಿ ಅಲ್ಲಿನ ಜಯವರ್ಧನೆ ಸರ್ಕಾರ ಇಬ್ಬಗೆಯ ದರ ಕಿತ್ತುಹಾಕಿ ರೂಪಾಯಿಯನ್ನು ತೇಲಲು, ಅಂದರೆ ಮಾರುಕಟ್ಟೆಯ ಬೇಡಿಕೆಯಂತೆ ಏರಿಳಿಯಲು, ಬಿಟ್ಟಿತು. ಡಾಲರಿಗೆ 16. ನಮ್ಮದು ಆಗ 8 ಮತ್ತು 9ರ ನಡುವೆ. ಹೀಗೆ ನಮ್ಮ ರೂಪಾಯಿ ಅವರ ಸುಮಾರು ಎರಡು ರೂಪಾಯಿಗೆ ಸಮವಾಯಿತು. ಅಲ್ಲಿಂದ ಇಲ್ಲಿಯವರೆಗೆ ನಮ್ಮದೇ ದೊಡ್ಡದು.

ದೊಡ್ಡದಾದರೂ ಅಂತರ ಒಂದೇ ಸಮ ಬೆಳೆಯಲಿಲ್ಲ. 1990ರಲ್ಲಿ ಡಾಲರಿಗೆ ಅವರದು ಸುಮಾರು 40, ನಮ್ಮದು ಸುಮಾರು 17.50, ಅನುಪಾತ (ನಮ್ಮ 1 ರೂಪಾಯಿಗೆ ಅವರ ಎಷ್ಟು ರೂಪಾಯಿ ಎಂಬುದು) 2.3. 1991ರ ಜುಲೈ 1 ಮತ್ತು 3ರಂದು ಭಾರತ ಎರಡು ಹಂತದಲ್ಲಿ ಅಪಮೌಲ್ಯ ಮಾಡಿತು, 1993ರ ಮಾರ್ಚ್‌ನಲ್ಲಿ ದರವನ್ನು ಮಾರುಕಟ್ಟೆಗೆ ಬಿಟ್ಟಿತು. ಡಾಲರ್ 31 ದಾಟಿತು. ಆ ವರ್ಷ ಅವರದು ಸುಮಾರು 48. ಅನುಪಾತ 1.6ಕ್ಕೆ ಇಳಿಯಿತು. ಅಂತರ್ಯುದ್ಧದ ನಡುವೆ ಬೇಯುತ್ತಿದ್ದ ದೇಶದ ಹಣ ನಮ್ಮ ಹಣದೆದುರು ಗಟ್ಟಿಯಾದಂತೆ ಕಂಡದ್ದು ಅವರ ಬಲದಿಂದಲ್ಲ, ನಮ್ಮ ತಟ್ಟೆ ಇಳಿದಿದ್ದರಿಂದ. ಜೋಳದ ಬೆಲೆ ಬಿದ್ದು ಅಡಿಕೆ ಏರಿದಂತೆ ಕಂಡದ್ದೂ ಇದೇ.

2001ರ ಜನವರಿಯಲ್ಲಿ ಶ್ರೀಲಂಕಾ ಮತ್ತೊಮ್ಮೆ ಪೂರ್ತಿ ತೇಲುವ ದರಕ್ಕೆ ಬಂತು. ಆ ವರ್ಷ ಅನುಪಾತ 1.9ರ ಹತ್ತಿರ, 2005ಕ್ಕೆ 2.3. 2013ರಲ್ಲಿ ನಮ್ಮ ರೂಪಾಯಿ ಎಡವಿದ್ದರಿಂದ ಒಮ್ಮೆ ಹಿಂದೆ ಸರಿಯಿತು. 2021ಕ್ಕೆ 2.7.

2022: ಕಟ್ಟಿ ಹಿಡಿದ ಹಗ್ಗ ಹರಿದಾಗ

2021ರ ಕೊನೆಗೆ ಕೊಲಂಬೊ ಡಾಲರನ್ನು 200ರಿಂದ 203ರ ನಡುವೆ ಕಟ್ಟಿ ಹಿಡಿದಿತ್ತು. ಡಾಲರ್ ಬರುವ ದಾರಿಗಳೇ ಬತ್ತಿದ್ದವು: ಕೊರೊನಾದಿಂದ ಪ್ರವಾಸಿಗರಿಲ್ಲ, ಆದರೂ ಸಾಲದ ಕಂತು ಕಟ್ಟುವುದು ತಪ್ಪುತ್ತಿಲ್ಲ. ಹೊರದೇಶದಲ್ಲಿ ದುಡಿಯುವವರು ಬ್ಯಾಂಕಿನ ದರಕ್ಕಿಂತ ಹೆಚ್ಚು ಕೊಡುವ, ಅಲ್ಲಿ ಉಂಡಿಯಲ್ ಎನ್ನುವ ಕೈಬದಲಿ ದಾರಿಯಲ್ಲಿ ಹಣ ಕಳಿಸತೊಡಗಿದ್ದರು. ಸರ್ಕಾರ ಕಟ್ಟಿದ ದರಕ್ಕೆ ಮಾಲು ಸಿಗದೆ ಪಕ್ಕದ ಸಂದಿಯಲ್ಲಿ ಬೇರೆ ದರ ನಡೆಯುವುದು ನಮಗೇನೂ ಹೊಸದಲ್ಲ. 2022ರ ಮಾರ್ಚ್‌ನಲ್ಲಿ ಹಿಡಿತ ಬಿಟ್ಟಾಗ ಎರಡು ತಿಂಗಳಲ್ಲಿ ಡಾಲರ್ 360ಕ್ಕೆ ಮುಟ್ಟಿತು. ನಮ್ಮದು ಮೇ ನಡುವಿಗೆ 77.50ರ ಸುಮಾರು. ಅನುಪಾತ 4.65.

ಈಗ ಮಂಡಿಯ ಮಾತಿಗೆ ಬರೋಣ. 2.7ರಿಂದ 4.65 ಎಂದರೆ ನಮ್ಮ ರೂಪಾಯಿಗೆ ಅವರ ರೂಪಾಯಿ ಶೇ 72ರಷ್ಟು ಹೆಚ್ಚು ಸಿಗುತ್ತಿದೆ. ಅಲ್ಲಿನ ಬೆಲೆಗಳು ಇದ್ದಲ್ಲೇ ಇದ್ದಿದ್ದರೆ ಅಲ್ಲಿನ ಮಾಲು ನಮಗೆ ಶೇ 42ರಷ್ಟು ಅಗ್ಗ ಆಗಬೇಕಿತ್ತು. ಆದರೆ ಬೆಲೆಗಳು ನಿಲ್ಲಲಿಲ್ಲ. 2022ರ ಮೇನಲ್ಲಿ ಕೊಲಂಬೊದ ಹಣದುಬ್ಬರ ಶೇ 39.1, ಸೆಪ್ಟೆಂಬರ್‌ನಲ್ಲಿ ಶೇ 69.8. ಭಾರತದಲ್ಲಿ ಅದೇ ತಿಂಗಳುಗಳಲ್ಲಿ ಶೇ 7ರ ಸುಮಾರು.

ಲೆಕ್ಕ ಹೀಗೆ. ಮೇ ತಿಂಗಳಲ್ಲಿ ವರ್ಷದ ಹಿಂದಕ್ಕೆ ಹೋಲಿಸಿದರೆ ದರ 1.72 ಪಟ್ಟು. ಅಲ್ಲಿನ ಬೆಲೆ ನಮ್ಮ ಬೆಲೆಗಿಂತ ಹೆಚ್ಚಿಗೆ ಏರಿದ್ದು 1.391 ÷ 1.07 = 1.30 ಪಟ್ಟು. 1.72 ÷ 1.30 = 1.32. ನಮ್ಮ ರೂಪಾಯಿಯ ಕೊಳ್ಳುವ ಶಕ್ತಿ ಅಲ್ಲಿ ನಿಜವಾಗಿ ಹೆಚ್ಚಿದ್ದು ಶೇ 32. ಸೆಪ್ಟೆಂಬರ್‌ನಲ್ಲಿ ಅನುಪಾತ 4.55ರ ಹತ್ತಿರ, ವರ್ಷದಲ್ಲಿ ಸುಮಾರು 1.68 ಪಟ್ಟು. ಬೆಲೆಯ ಅಂತರ 1.698 ÷ 1.074 = 1.58. ಭಾಗಿಸಿದರೆ 1.06. ಅಷ್ಟೆಲ್ಲ ಗದ್ದಲದ ನಂತರ ಉಳಿದ ನಿಜವಾದ ಅಗ್ಗ ಶೇ 6ರ ಆಸುಪಾಸು.

ಹಣ ಬೀಳುವುದು ವಾರಗಳಲ್ಲಿ, ಬೆಲೆ ಏರುವುದು ತಿಂಗಳುಗಳಲ್ಲಿ. ನಡುವಿನ ಆ ನಾಲ್ಕೈದು ತಿಂಗಳೇ ರಫ್ತುದಾರನಿಗೆ ಸುಗ್ಗಿ. ಮೇಲಿನದು ಎಲ್ಲ ಸರಕುಗಳ ಸರಾಸರಿ, ಅಡಿಕೆಯೊಂದರ ಲೆಕ್ಕವಲ್ಲ. ಆದರೆ ರಫ್ತಾಗುವ ಮಾಲಿನ ಬೆಲೆ ಸರಾಸರಿಗಿಂತ ಬೇಗ ಏರುವುದೇ ವಾಡಿಕೆ. ಡಾಲರ್ ಎಣಿಸುವ ವರ್ತಕರು ಸ್ಥಳೀಯ ಮಾಲಿಗೆ ಪೈಪೋಟಿಯಲ್ಲಿ ಬೆಲೆ ಏರಿಸುತ್ತಾರೆ, ಬೆಳೆಗಾರನೂ ಡೀಸೆಲ್, ಗೊಬ್ಬರದ ಬೆಲೆ ನೋಡಿ ಹಳೆಯ ಧಾರಣೆಗೆ ಮಾಲು ಬಿಡುವುದಿಲ್ಲ.

2023ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲ ಮಂಜೂರಾದ ಮೇಲೆ ಲಂಕಾ ರೂಪಾಯಿ ಚೇತರಿಸಿಕೊಂಡು ವರ್ಷದ ಮಧ್ಯದ ಹೊತ್ತಿಗೆ 300ರ ಆಸುಪಾಸಿಗೆ ಬಂತು. 2024ರ ಸರಾಸರಿ ಅನುಪಾತ ಸುಮಾರು 3.6.

ಅಡಿಕೆಗೆ ಅಡ್ಡ ನಿಂತ ಇನ್ನೊಂದು ಸಂಖ್ಯೆ

ವಿನಿಮಯ ದರ ಒಂದೇ ಅಡಿಕೆಯ ಆಮದನ್ನು ತೀರ್ಮಾನಿಸುವುದಿಲ್ಲ. ಕೇಂದ್ರ ಸರ್ಕಾರ ಕನಿಷ್ಠ ಆಮದು ಬೆಲೆ ಎಂದು ಒಂದು ಗೆರೆ ಎಳೆದಿದೆ. 2017ರಿಂದ ಅದು ಕೆ.ಜಿ.ಗೆ 251 ರೂಪಾಯಿ ಇತ್ತು, 2023ರ ಫೆಬ್ರುವರಿಯಲ್ಲಿ 351 ಆಯಿತು. ಕ್ವಿಂಟಲ್ ಲೆಕ್ಕದಲ್ಲಿ 35,100. ಇದು ಮಾಲಿನ ಬೆಲೆ, ಹಡಗು ಬಾಡಿಗೆ, ವಿಮೆ ಸೇರಿ ಭಾರತದ ಬಂದರು ಮುಟ್ಟುವಾಗಿನ ಬೆಲೆ. ಇದಕ್ಕಿಂತ ಕಡಿಮೆ ಬೆಲೆ ತೋರಿಸಿದ ಮಾಲಿಗೆ ಪ್ರವೇಶವಿಲ್ಲ. ಈ ಗೆರೆ ಸುಂಕವಲ್ಲ. ಅಡಿಕೆಯ ಸಾಮಾನ್ಯ ಆಮದು ಸುಂಕ ಶೇ 100 ಬೇರೆಯೇ ಇದೆ. ಆದರೆ 2000ದ ಮಾರ್ಚ್‌ನಲ್ಲಿ ಜಾರಿಗೆ ಬಂದ ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದದಡಿ ಅಲ್ಲಿಯೇ ಬೆಳೆದ ಮಾಲಿಗೆ ರಿಯಾಯಿತಿ ಸಿಗುತ್ತದೆ. ಬೇರೆ ದೇಶದ ಅಡಿಕೆ ಶ್ರೀಲಂಕಾದ ಹೆಸರಿನಲ್ಲಿ ಬರುತ್ತದೆ ಎಂಬ ಬೆಳೆಗಾರರ ದೂರು ಹುಟ್ಟುವುದು ಈ ರಿಯಾಯಿತಿಯಿಂದಲೇ.

ಬಂದರು ಮುಟ್ಟುವಷ್ಟರಲ್ಲಿ ಕೆ.ಜಿ.ಗೆ 800 ಲಂಕಾ ರೂಪಾಯಿ ಬೀಳುವ ಮಾಲು ಎಂದಿಟ್ಟುಕೊಳ್ಳಿ. ಅನುಪಾತ 2.7 ಇದ್ದಾಗ ಅದು ನಮ್ಮ 296 ರೂಪಾಯಿ. 4.65 ಆದಾಗ 172. ಅಂದಿನ ಗೆರೆ 251. ಅಂದರೆ ಅವರ ಹಣ ಎಷ್ಟೇ ಬಿದ್ದರೂ ಕಾನೂನಿನ ದಾರಿಯಲ್ಲಿ ಬಿಲ್ ಬೆಲೆ 251ಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಹಾಗಾದರೆ 172ಕ್ಕೂ 251ಕ್ಕೂ ನಡುವಿನ 79 ರೂಪಾಯಿ ಏನಾಗುತ್ತದೆ? ಅಲ್ಲಿನ ಮಾರಾಟಗಾರ ಲಾಭವಾಗಿ ಇಟ್ಟುಕೊಳ್ಳಬಹುದು. ಅಥವಾ ಬಿಲ್ಲಿನಲ್ಲಿ 251 ತೋರಿಸಿ, ಬ್ಯಾಂಕಿನ ಮೂಲಕ ಅಷ್ಟನ್ನೂ ಕಳಿಸಿ, ಹೆಚ್ಚಿನದನ್ನು ಕಳ್ಳದಾರಿಯಲ್ಲಿ ವಾಪಸ್ ಪಡೆಯುವ ಆಸೆ ಹುಟ್ಟಬಹುದು. ಗೆರೆಗೂ ನಿಜವಾದ ಬೆಲೆಗೂ ಅಂತರ ಹೆಚ್ಚಿದಷ್ಟೂ ಈ ಆಸೆ ಮತ್ತು ನೇರ ಕಳ್ಳಸಾಗಣೆಯ ಲಾಭ ಎರಡೂ ಹೆಚ್ಚು. ಹಣ ಬಿದ್ದುದರ ನಿಜವಾದ ಅಪಾಯ ಇಲ್ಲಿದೆ, ಬಂದರಿನ ಬಿಲ್ಲಿನಲ್ಲಿ ಅಲ್ಲ.

ಮಾಲಿನ ಬಿಲ್ ಡಾಲರಿನಲ್ಲಿದ್ದರೆ ಲಂಕಾ ರೂಪಾಯಿಗಿಂತ ನಮ್ಮ ರೂಪಾಯಿಯೇ ಹೆಚ್ಚು ಮುಖ್ಯ. ಕೆ.ಜಿ.ಗೆ 4 ಡಾಲರ್ ಎಂದರೆ ಡಾಲರ್ 75 ಇದ್ದಾಗ 300 ರೂಪಾಯಿ, 85 ಇದ್ದಾಗ 340, 88 ಆದರೆ 352. ಬಿಲ್ ಬದಲಾಗಲೇ ಇಲ್ಲ, ಆದರೆ ಕೊನೆಯದು ಮಾತ್ರ 351ರ ಗೆರೆ ದಾಟಿತು. ಗೆರೆ ರೂಪಾಯಿಯಲ್ಲಿರುವುದರಿಂದ ನಮ್ಮ ಹಣ ದುರ್ಬಲವಾದಂತೆಲ್ಲ ಅದು ತಾನಾಗಿಯೇ ಸಡಿಲವಾಗುತ್ತದೆ. ಅದೇ ಹೊತ್ತಿಗೆ ಹೊರಗಿನ ಮಾಲು ನಮಗೆ ದುಬಾರಿಯೂ ಆಗುತ್ತದೆ.

ಭೂತಾನಿನಿಂದ ಬರುವ ಅಡಿಕೆಯ ಲೆಕ್ಕದಲ್ಲಿ ವಿನಿಮಯ ದರದ ಮಾತೇ ಬರುವುದಿಲ್ಲ. ಅಲ್ಲಿನ ಗುಲ್ಟ್ರಮ್ ನಮ್ಮ ರೂಪಾಯಿಗೆ 1ಕ್ಕೆ 1 ಕಟ್ಟಿದ ಹಣ, ದರದ ಏರಿಳಿತವೇ ಇಲ್ಲ. ನೇಪಾಳದ್ದು 1993ರ ಫೆಬ್ರುವರಿಯಿಂದ ನಮ್ಮ 100ಕ್ಕೆ ಅವರ 160, ಇಂದಿಗೂ ಅಷ್ಟೇ.

ಹಳೆಯ ದರ ನೀವೇ ಲೆಕ್ಕ ಹಾಕುವುದಾದರೆ

ರಿಸರ್ವ್ ಬ್ಯಾಂಕಿನ ಅಂಕಿಅಂಶ ಕೈಪಿಡಿಯಲ್ಲಿ ಡಾಲರ್–ರೂಪಾಯಿ ದರ ವರ್ಷವಾರು ಸಿಗುತ್ತದೆ. ಶ್ರೀಲಂಕಾ ಕೇಂದ್ರೀಯ ಬ್ಯಾಂಕಿನ ವಾರ್ಷಿಕ ವರದಿಗಳಲ್ಲಿ ಅವರದು ಸಿಗುತ್ತದೆ. ಭಾಗಿಸುವ ಮುನ್ನ ವರ್ಷ ನೋಡಿ: ನಮ್ಮ ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್, ಅವರದು ಜನವರಿಯಿಂದ ಡಿಸೆಂಬರ್. 2021–22ರ ನಮ್ಮ ಸರಾಸರಿಗೆ 2022ರ ಅವರ ಸರಾಸರಿ ಜೋಡಿಸಿದರೆ ಕುಸಿತ ಇಲ್ಲದ ಕಡೆ ಕಾಣುತ್ತದೆ. ತಿಂಗಳ ಸರಾಸರಿ ಸಿಕ್ಕರೆ ಅದನ್ನೇ ಬಳಸಿ.

ಅಪಮೌಲ್ಯ ನಡೆದ ವರ್ಷದ ಸರಾಸರಿಯನ್ನು ನಂಬಬೇಡಿ. 1966ರಲ್ಲಿ 156 ದಿನ 4.76, ಉಳಿದ 209 ದಿನ 7.50. ಸರಾಸರಿ 6.3 ಬರುತ್ತದೆ, ಆ ದರದಲ್ಲಿ ಆ ವರ್ಷ ಒಂದು ದಿನವೂ ಹಣ ಬದಲಾಗಲಿಲ್ಲ. 1992ರ ಮಾರ್ಚ್‌ನಿಂದ 1993ರ ಫೆಬ್ರುವರಿವರೆಗೆ ಭಾರತದಲ್ಲೂ ಇಬ್ಬಗೆಯ ದರ ಇತ್ತು. ರಫ್ತುದಾರ ತಂದ ಡಾಲರಿನಲ್ಲಿ ಶೇ 40 ಅಧಿಕೃತ ದರಕ್ಕೆ, ಶೇ 60 ಮಾರುಕಟ್ಟೆ ದರಕ್ಕೆ. ಆ ಹನ್ನೊಂದು–ಹನ್ನೆರಡು ತಿಂಗಳಿಗೆ 40:60ರ ಮಿಶ್ರ ದರ ಕಟ್ಟಿಕೊಂಡರೆ ಮಾತ್ರ ಸರಿಯಾದ ಉತ್ತರ.

ಇವತ್ತಿನ ದರ ಬೇಕಾದರೆ ಮೊಬೈಲ್ ತೋರಿಸುವುದು ಕೊಳ್ಳುವ ಮತ್ತು ಮಾರುವ ದರಗಳ ನಡುವಿನ ಅಂಕಿ. ಆ ದರಕ್ಕೆ ಯಾವ ಬ್ಯಾಂಕೂ ಹಣ ಕೊಡುವುದಿಲ್ಲ. ರೂಪಾಯಿಯಿಂದ ಡಾಲರಿಗೆ, ಡಾಲರಿನಿಂದ ಲಂಕಾ ರೂಪಾಯಿಗೆ ಎಂದು ಎರಡು ಬಾರಿ ಬದಲಾಗುವಾಗ ಎರಡು ಬಾರಿ ಕಮಿಷನ್ ಕಳೆಯುತ್ತದೆ. ಪ್ರತಿ ಸಲ ಶೇ 2 ಎಂದರೂ 10,000 ರೂಪಾಯಿಯಲ್ಲಿ 396 ದಾರಿಯಲ್ಲೇ ಹೋಗುತ್ತದೆ. ಕೊಲಂಬೊ ಪ್ರವಾಸಕ್ಕೆ ಹೊರಟವರು ಬದಲಿಸುವ ಮುನ್ನ ಕೇಳಬೇಕಾದದ್ದು ಇವತ್ತಿನ ದರ ಎಷ್ಟು ಎಂದಲ್ಲ. ಈ 10,000ಕ್ಕೆ ಎಲ್ಲ ಕಳೆದು ಕೈಗೆ ಎಷ್ಟು ಲಂಕಾ ರೂಪಾಯಿ ಬರುತ್ತದೆ ಎಂದು ಕೇಳಿ, ಬಂದ ಉತ್ತರವನ್ನು 10,000ದಿಂದ ಭಾಗಿಸಿ ನೋಡಿ.